ರೋಗಿ ನಮೂನೆಗಳ ಡಿಜಿಟಲೀಕರಣ

ರೋಗಿಯ ಹೆಸರು, ವಯಸ್ಸು, ಹಿಂದಿನ ಕಾಯಿಲೆಗಳು, ಸೇವಿಸುತ್ತಿರುವ ಔಷಧ, ಅಲರ್ಜಿ, ಚಿಕಿತ್ಸೆಗೆ ಕೊಡುವ ಸಮ್ಮತಿ ಇವನ್ನೆಲ್ಲ ಕಾಗದದ ಬದಲು ಪರದೆಯ ಮೇಲೆ ತುಂಬಿಸಿಕೊಂಡು, ಅಧಿಕಾರವಿದ್ದವರಿಗಷ್ಟೇ ಕಾಣುವಂತೆ ಕಾಪಾಡುವ ಕ್ರಮಕ್ಕೆ ರೋಗಿ ನಮೂನೆಗಳ ಡಿಜಿಟಲೀಕರಣ ಎನ್ನುತ್ತಾರೆ. ಹಳೆಯ ಕೇಸ್ ಶೀಟುಗಳನ್ನು ಬರಿದೇ ಸ್ಕ್ಯಾನ್ ಮಾಡಿಟ್ಟರೆ ಅವು ಚಿತ್ರಗಳಾಗಿ ಉಳಿಯುತ್ತವೆ. ಪೆನಿಸಿಲಿನ್ ಒಗ್ಗದವರು ಯಾರು ಯಾರೆಂದು ಕೇಳಿದರೆ ಆ ಚಿತ್ರಗಳಿಂದ ಉತ್ತರ ಸಿಗದು. ಒಂದೊಂದು ಉತ್ತರವೂ ತನ್ನದೇ ಅಂಕಣದಲ್ಲಿ ದಾಖಲಾಗಿದ್ದರೆ, ವೈದ್ಯರು ಆ ಔಷಧ ಬರೆಯಹೊರಟಾಗಲೇ ಪರದೆ ಎಚ್ಚರಿಸಬಲ್ಲದು.

ಒಬ್ಬ ರೋಗಿಯ ವಿವರವೆಲ್ಲ ಒಂದೇ ಕಡೆ ಸಿಗಬೇಕೆಂಬ ಯೋಚನೆ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಒಬ್ಬೊಬ್ಬ ವೈದ್ಯರ ಲೆಡ್ಜರುಗಳಲ್ಲಿ ಚದುರಿಹೋಗುತ್ತಿದ್ದ ಟಿಪ್ಪಣಿಗಳನ್ನು ಡಾ. ಹೆನ್ರಿ ಪ್ಲಮರ್ 1907ರಲ್ಲಿ ಒಟ್ಟುಗೂಡಿಸಿ, ರೋಗಿಗೊಂದು ಸಂಖ್ಯೆ, ಸಂಖ್ಯೆಗೊಂದು ಫೈಲ್ ಎಂಬ ಪದ್ಧತಿ ತಂದರು. 1968ರಲ್ಲಿ ಡಾ. ಲಾರೆನ್ಸ್ ವೀಡ್ ದಾಖಲೆಯನ್ನು ರೋಗಿಯ ಸಮಸ್ಯೆಗಳ ಪ್ರಕಾರ ಜೋಡಿಸಿ ಬರೆಯಬೇಕೆಂದು ವಾದಿಸಿದರು. 1972ರ ಹೊತ್ತಿಗೆ ಇಂಡಿಯಾನಾಪೊಲಿಸ್‌ನ ರೀಜನ್‌ಸ್ಟ್ರೀಫ್ ಸಂಸ್ಥೆ ಕಂಪ್ಯೂಟರಿನಲ್ಲಿ ರೋಗಿ ದಾಖಲೆ ಇಡತೊಡಗಿತ್ತು. ಇಂದಿನ ಎಲ್ಲ ತಂತ್ರಾಂಶಗಳ ಹಿಂದೆಯೂ ಈ ಮೂರರ ನೆರಳಿದೆ.

ಭಾರತದ ವೈದ್ಯರ ವೃತ್ತಿನಡತೆಯ ನಿಯಮಾವಳಿ 2002ರಷ್ಟು ಹಿಂದೆಯೇ ಈ ಮಾತನ್ನು ಎತ್ತಿತ್ತು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು, ಬೇಗ ಹುಡುಕಿ ತೆಗೆಯಲು ಕಂಪ್ಯೂಟರೀಕರಣಕ್ಕೆ ಯತ್ನಿಸಬೇಕು ಎಂದು ಅದು ಹೇಳುತ್ತದೆ. ಆಸ್ಪತ್ರೆಯ ದಾಖಲೆ ಕೊಠಡಿಯಲ್ಲಿ ದಾರ ಕಟ್ಟಿದ ಕಂತೆಗಳ ನಡುವೆ ಒಂದು ಫೈಲಿಗಾಗಿ ತಡಕಾಡಿದವರಿಗೆ ಆ 72 ಗಂಟೆಗಳ ಮಿತಿ ಎಷ್ಟು ಬಿಗಿಯೆಂದು ಗೊತ್ತು.

ದೇಶವ್ಯಾಪಿ ಪ್ರಯತ್ನ 2020ರ ಆಗಸ್ಟ್ 15ರಂದು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗವಾಗಿ ಆರಂಭಗೊಂಡು, 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ಎಲ್ಲೆಡೆಗೆ ವಿಸ್ತರಿಸಿತು. ಇದರಡಿ ವ್ಯಕ್ತಿಗೆ 14 ಅಂಕಿಗಳ ‘ಆಭಾ’ ಸಂಖ್ಯೆ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ‘ಸ್ಕ್ಯಾನ್ ಅಂಡ್ ಶೇರ್’ ಶುರುವಾಯಿತು: ಹೊರರೋಗಿ ವಿಭಾಗದ ಗೋಡೆಯ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ಆಸ್ಪತ್ರೆಯ ಕಂಪ್ಯೂಟರಿಗೆ ಹೋಗಿ ಟೋಕನ್ ಸಂಖ್ಯೆ ಬರುತ್ತದೆ. ಕೌಂಟರಿನವರು ಅದನ್ನೆಲ್ಲ ಮತ್ತೆ ಟೈಪ್ ಮಾಡಬೇಕಿಲ್ಲ.

ಕೌಂಟರಿನಲ್ಲಿ ಟೈಪ್ ಮಾಡುವಾಗಲೇ ಹೆಚ್ಚಿನ ತೊಡಕುಗಳು ಹುಟ್ಟುತ್ತವೆ. ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ನಡುವೆ ‘ಎಕ್ಸ್’ ಹಾಕುವವರುಂಟು, ‘ಕೆ-ಎಸ್-ಎಚ್’ ಹಾಕುವವರೂ ಉಂಟು. ಇನಿಷಿಯಲ್ ಒಮ್ಮೆ ಹೆಸರಿನ ಮುಂದೆ, ಇನ್ನೊಮ್ಮೆ ಹಿಂದೆ. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆ ಜನವರಿ 1 ಎಂದು ನಮೂದಿಸುವ ರೂಢಿ ಇಡೀ ದೇಶದಲ್ಲಿದೆ. ಮನೆಯವರೆಲ್ಲ ಒಂದೇ ಮೊಬೈಲ್ ಸಂಖ್ಯೆ ಕೊಡುತ್ತಾರೆ. ಹೀಗಾದಾಗ ಒಬ್ಬಳೇ ಅಜ್ಜಿ ಮೂರು ರೋಗಿಗಳಾಗಿ ದಾಖಲಾಗುತ್ತಾಳೆ, ಅಥವಾ ಅತ್ತೆಯ ಸಕ್ಕರೆ ಕಾಯಿಲೆ ಸೊಸೆಯ ಪುಟಕ್ಕೆ ಸೇರುತ್ತದೆ. ಎರಡನೆಯ ತಪ್ಪು ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಸಿಕೊಳ್ಳುವುದು, ಹುಟ್ಟಿದ ದಿನ ಅಂದಾಜೋ ಖಚಿತವೋ ಎಂದು ಗುರುತು ಹಾಕಲು ಜಾಗವಿಡುವುದು, ಒಳಗೆ ಕರೆಯುವಾಗ ಕನಿಷ್ಠ ಎರಡು ವಿವರ ಕೇಳಿ ತಾಳೆ ನೋಡುವುದು ಅಗತ್ಯ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ದಾಖಲೆಗಳನ್ನು ಪರಿವರ್ತಿಸದೆ ಹೊಸ ವ್ಯವಸ್ಥೆಗೆ ತುಂಬಿದರೆ ಹುಡುಕಾಟಕ್ಕೆ ಅವು ಸಿಗುವುದಿಲ್ಲ.

ಸಮ್ಮತಿ ಪತ್ರದ ವಿಷಯ ಇನ್ನೂ ಸೂಕ್ಷ್ಮ. ರೋಗ ಪತ್ತೆಗೆಂದು ಉದರದರ್ಶಕ ಪರೀಕ್ಷೆಗೆ ಒಪ್ಪಿದ್ದ ಮಹಿಳೆಯೊಬ್ಬರ ಗರ್ಭಕೋಶ, ಅಂಡಾಶಯಗಳನ್ನು ಅವರು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ಪರೀಕ್ಷೆಗೆ ಕೊಟ್ಟ ಸಮ್ಮತಿ ಶಸ್ತ್ರಚಿಕಿತ್ಸೆಗೆ ಸಲ್ಲದು, ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯಗಳನ್ನು ರೋಗಿಗೆ ತಿಳಿಸಿರಬೇಕು ಎಂಬುದು ಅದರ ತಿರುಳು. ಟ್ಯಾಬ್ಲೆಟ್ಟಿನಲ್ಲಿ ಮೊದಲೇ ಟಿಕ್ ಹಾಕಿಟ್ಟ ಚೌಕ ಈ ಮಟ್ಟಕ್ಕೆ ಏರದು. ಓದಲು ಬಾರದವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ, ಯಾರು ಯಾವಾಗ ಹೇಳಿದರೆಂಬುದೂ ನಮೂನೆಯಲ್ಲೇ ದಾಖಲಾಗುವಂತಿದ್ದರೆ ಡಿಜಿಟಲ್ ಸಮ್ಮತಿ ಹೆಬ್ಬೆಟ್ಟೊತ್ತಿದ ಹಾಳೆಗಿಂತ ಗಟ್ಟಿಯಾಗುತ್ತದೆ.

ಭದ್ರತೆಯಲ್ಲಿ ಕಾಗದವೇನೂ ಮಿಗಿಲಲ್ಲ. ರದ್ದಿಗೆ ಹೋದ ಕೇಸ್ ಶೀಟು ಯಾರ ಕೈಗೂ ಸಿಗಬಹುದು. ಆದರೆ ಕಾಗದ ಸೋರಿದರೆ ಒಂದು ಕಂತೆ ಹೋಗುತ್ತದೆ, ಕಂಪ್ಯೂಟರ್ ಸೋರಿದರೆ ಊರೇ ಬಯಲಾಗುತ್ತದೆ. ಫಿನ್ಲೆಂಡ್‌ನ ವಸ್ತಾಮೊ ಮನೋಚಿಕಿತ್ಸಾ ಸಂಸ್ಥೆಯಿಂದ ಕದ್ದ ಸುಮಾರು 33 ಸಾವಿರ ಜನರ ದಾಖಲೆಗಳನ್ನು ಮುಂದಿಟ್ಟುಕೊಂಡು 2020ರಲ್ಲಿ ಮೊದಲು ಸಂಸ್ಥೆಯನ್ನು, ಆಮೇಲೆ ಒಬ್ಬೊಬ್ಬ ರೋಗಿಯನ್ನೂ ಹಣಕ್ಕಾಗಿ ಬೆದರಿಸಲಾಯಿತು. ಚಿಕಿತ್ಸಕರ ಬಳಿ ಮಾತ್ರ ತೋಡಿಕೊಂಡ ಅಳಲು ಅಂತರ್ಜಾಲಕ್ಕೆ ಬಂತು. ಮರು ವರ್ಷ ಸಂಸ್ಥೆ ದಿವಾಳಿಯಾಯಿತು. ದೆಹಲಿಯ ಏಮ್ಸ್‌ನಲ್ಲಿ 2022ರ ನವೆಂಬರ್ 23ರಂದು ದಾಳಿಕೋರರು ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ಬೀಗ ಜಡಿದಾಗ ನೋಂದಣಿ, ಪ್ರಯೋಗಾಲಯ, ಬಿಲ್ಲಿಂಗ್ ಎಲ್ಲವೂ ಹಲವು ದಿನ ಕೈಬರಹಕ್ಕೆ ಮರಳಬೇಕಾಯಿತು. ಬ್ಯಾಕಪ್ ಇದ್ದುದರಿಂದ ದತ್ತಾಂಶ ಮರಳಿ ಸಿಕ್ಕಿತು.

ಈ ಎರಡು ಘಟನೆಗಳಿಂದ ಚಿಕ್ಕ ಕ್ಲಿನಿಕ್ ಕಲಿಯಬೇಕಾದ್ದು ಬಹಳವಿದೆ. ದತ್ತಾಂಶ ಸಾಗುವಾಗಲೂ ಸಂಗ್ರಹದಲ್ಲಿರುವಾಗಲೂ ಗೂಢಲಿಪಿಯಲ್ಲಿರಬೇಕು. ಸಿಬ್ಬಂದಿಗೆ ಒಬ್ಬೊಬ್ಬರಿಗೂ ಪ್ರತ್ಯೇಕ ಲಾಗಿನ್ ಬೇಕು. ಕಂಪ್ಯೂಟರ್ ಪಕ್ಕ ಚೀಟಿಯಲ್ಲಿ ಅಂಟಿಸಿದ ಒಂದೇ ಪಾಸ್‌ವರ್ಡ್‌ನಿಂದ ಎಲ್ಲರೂ ಕೆಲಸ ಮಾಡಿದರೆ ಯಾರು ಯಾರ ಪುಟ ತೆರೆದರೆಂದು ಹೇಳಲಾಗದು. ಬಿಲ್ ಮಾಡುವವರಿಗೆ ಮಾನಸಿಕ ಚಿಕಿತ್ಸೆಯ ಟಿಪ್ಪಣಿ ಕಾಣುವ ಅಗತ್ಯವಿಲ್ಲ. ಬ್ಯಾಕಪ್‌ನ ಒಂದು ಪ್ರತಿ ಜಾಲದಿಂದ ದೂರವಿರಬೇಕು, ಅದರಿಂದ ದಾಖಲೆ ಮರಳಿ ಪಡೆದು ಆಗಾಗ ಪರೀಕ್ಷಿಸಬೇಕು. ಎಕ್ಸ್‌ರೇ, ವರದಿಗಳನ್ನು ಸಿಬ್ಬಂದಿಯ ಸ್ವಂತ ವಾಟ್ಸಾಪ್‌ಗೆ ತರಿಸಿಕೊಳ್ಳುವ ರೂಢಿಯಂತೂ ಈ ಏರ್ಪಾಡನ್ನೆಲ್ಲ ವ್ಯರ್ಥಗೊಳಿಸುತ್ತದೆ. ಇವೆಲ್ಲಕ್ಕಿಂತ ಮೊದಲು, ಬೇಡದ್ದನ್ನು ಕೇಳುವುದನ್ನೇ ಬಿಡಬೇಕು. ಹಲ್ಲು ಕೀಳಿಸಿಕೊಳ್ಳಲು ಬಂದವರ ಜಾತಿ, ವರಮಾನ, ಆಧಾರ್ ಪ್ರತಿ ದಂತವೈದ್ಯರಿಗೆ ಏಕೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದನ್ನೇ ಬಯಸುತ್ತದೆ: ಹೇಳಿದ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ, ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಅಳಿಸುವಿಕೆ. ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡವೂ ಅದರಲ್ಲಿ ಸೇರಿದ್ದರಿಂದ ಕನ್ನಡ ನಮೂನೆ ಕ್ಲಿನಿಕ್ಕಿನ ಔದಾರ್ಯವಾಗಿ ಉಳಿಯದೆ ರೋಗಿಯ ಹಕ್ಕಾಗುತ್ತದೆ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಸಮ್ಮತಿಗೆ ಕಾಯಬೇಕಿಲ್ಲ. ಭದ್ರತೆಯಲ್ಲಿ ಲೋಪವೆಸಗಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಕರ್ನಾಟಕದ ‘ಇ-ಮಾನಸ್’ ಈ ಕಾಯ್ದೆಗಿಂತ ಮುಂಚಿನದು. ಬೆಂಗಳೂರಿನ ಐಐಐಟಿ, ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ರೂಪಿಸಿದ ಈ ಮಾನಸಿಕ ಆರೋಗ್ಯ ದಾಖಲೆ ವ್ಯವಸ್ಥೆಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಗೋಪ್ಯತೆಯ ಹಕ್ಕೇ ಬುನಾದಿ.

ಬದಲಾವಣೆಯ ಹೊರೆ ವೈದ್ಯರ ಮೇಲೂ ಬೀಳುತ್ತದೆ. ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ವೈದ್ಯರು ರೋಗಿಯ ಎದುರು ಕಳೆಯುವ ಪ್ರತಿ ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಹೋಗುತ್ತಿತ್ತು. ರೋಗಿ ಮಾತಾಡುವಾಗ ಪರದೆ ನೋಡುತ್ತಾ ಕೂರುವ ವೈದ್ಯರನ್ನು ಯಾರೂ ಮೆಚ್ಚರು. ರೋಗಿಯೋ ಜೊತೆಗೆ ಬಂದವರೋ ಕಾಯುವ ಹೊತ್ತಿನಲ್ಲೇ ನಮೂನೆ ತುಂಬಿದರೆ ಈ ಭಾರ ಕೊಂಚ ಇಳಿಯುತ್ತದೆ. ಫೋನ್ ಇಲ್ಲದವರಿಗೆ, ಕಣ್ಣು ಮಂಜಾದವರಿಗೆ ಕೌಂಟರಿನಲ್ಲಿ ಕೂತು ಬರೆದುಕೊಡುವವರೊಬ್ಬರು ಇರಲೇಬೇಕು. ಹಳೆಯ ಫೈಲುಗಳನ್ನೆಲ್ಲ ಒಮ್ಮೆಗೇ ತುಂಬುವ ಸಾಹಸ ಬೇಡ: ರೋಗಿ ಮುಂದಿನ ಸಲ ಬಂದಾಗ ಅಲರ್ಜಿ, ಚಾಲ್ತಿ ಔಷಧ, ಆಗಿರುವ ಶಸ್ತ್ರಚಿಕಿತ್ಸೆ, ಇತ್ತೀಚಿನ ವರದಿ ಇಷ್ಟನ್ನು ಏರಿಸಿದರೆ ಸಾಕು. ವಿದ್ಯುತ್ ಕೈಕೊಟ್ಟ ದಿನಕ್ಕೆಂದು ಅದೇ ಅಂಕಣಗಳಿರುವ ಮುದ್ರಿತ ಹಾಳೆಗಳ ಕಟ್ಟೊಂದು ಮೇಜಿನಲ್ಲಿರಲಿ.

ಕೆಲವು ನಮೂನೆಗಳ ವಿಷಯದಲ್ಲಿ ಕ್ಲಿನಿಕ್ಕಿಗೆ ಆಯ್ಕೆಯೇ ಇಲ್ಲ. ಗರ್ಭಿಣಿಯ ಅಲ್ಟ್ರಾಸೌಂಡ್ ಮಾಡುವ ಕೇಂದ್ರ, ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ‘ನಮೂನೆ ಎಫ್’ ತುಂಬಲೇಬೇಕು, ತಿಂಗಳ ವರದಿಯನ್ನು ಮುಂದಿನ ತಿಂಗಳ 5ರೊಳಗೆ ಸಲ್ಲಿಸಬೇಕು, ದಾಖಲೆಗಳನ್ನು ಕನಿಷ್ಠ 2 ವರ್ಷ ಕಾಪಾಡಬೇಕು. ಇದನ್ನು ಸರಿಯಾಗಿ ತುಂಬದಿರುವುದನ್ನು ಬರೀ ಗುಮಾಸ್ತಿಕೆಯ ತಪ್ಪೆಂದು ತಳ್ಳಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕಡ್ಡಾಯ ಅಂಕಣ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯದಂತೆ ರೂಪಿಸಿದ ಡಿಜಿಟಲ್ ನಮೂನೆ ಇಂಥ ಕಡೆ ವೈದ್ಯರಿಗೂ ಆಸರೆ, ಕಾಯ್ದೆಯ ಆಶಯಕ್ಕೂ ಆಸರೆ.