ಸಿಂಗಪುರದ ಬಸ್ ಚಾಲಕರ ಮುಷ್ಕರ (2012)

ಸಿಂಗಪುರದ ಸಾರಿಗೆ ಕಂಪನಿ ಎಸ್‌ಎಂಆರ್‌ಟಿಯಲ್ಲಿ ದುಡಿಯುತ್ತಿದ್ದ ಚೀನೀ ಚಾಲಕರು 2012ರ ನವೆಂಬರ್ 26 ಮತ್ತು 27ರಂದು ನಡೆಸಿದ ಮುಷ್ಕರ. ಮೊದಲ ದಿನ 171 ಮಂದಿ, ಮರುದಿನ 88 ಮಂದಿ ಕೆಲಸಕ್ಕೆ ಹೋಗಲಿಲ್ಲ. ಕಲ್ಲು ತೂರಲಿಲ್ಲ, ಒಂದು ಗಾಜೂ ಒಡೆಯಲಿಲ್ಲ, ಊರಿನ ಬಸ್ಸು ಬಹುಪಾಲು ಓಡುತ್ತಲೇ ಇತ್ತು. ಇಷ್ಟು ಸಣ್ಣ ಮುಷ್ಕರ ಬೇರೆ ದೇಶದಲ್ಲಾಗಿದ್ದರೆ ಪತ್ರಿಕೆಯ ಒಳಪುಟದಲ್ಲಿ ಒಂದು ಕಾಲಂ ಸುದ್ದಿಯಾಗಿ ಮುಗಿಯುತ್ತಿತ್ತು. ಸಿಂಗಪುರದಲ್ಲಿ ಮಾತ್ರ ಇದು 26 ವರ್ಷಗಳಲ್ಲಿ ನಡೆದ ಮೊದಲ ಮುಷ್ಕರವಾಗಿತ್ತು. ಐವರು ಜೈಲು ಸೇರಿದರು, 29 ಮಂದಿಯ ಕೆಲಸದ ಪರ್ಮಿಟ್ ರದ್ದುಮಾಡಿ ಅವರನ್ನು ಊರಿಗೆ ಕಳಿಸಲಾಯಿತು. ಸಾರ್ವಜನಿಕ ಸಾರಿಗೆಯನ್ನು ಅಗ್ಗದ ಪರದೇಶಿ ದುಡಿಮೆಯ ಮೇಲೆ ನಿಲ್ಲಿಸಿದ ನಗರದ ಲೆಕ್ಕಾಚಾರ ಆ ಎರಡು ದಿನಗಳಲ್ಲಿ ಬಯಲಿಗೆ ಬಿತ್ತು.

ದ್ವೀಪದ ಉತ್ತರ ತುದಿಯಲ್ಲಿ, ಮಲೇಷ್ಯಾಕ್ಕೆ ಹೋಗುವ ಸೇತುದಾರಿಯ ಹತ್ತಿರ, ವುಡ್‌ಲ್ಯಾಂಡ್ಸ್ ಎಂಬ ಬಡಾವಣೆಯಿದೆ. ಚೀನೀ ಚಾಲಕರಲ್ಲಿ ಹೆಚ್ಚಿನವರು ಅಲ್ಲಿನ ಕಾರ್ಮಿಕರ ವಸತಿಗೃಹದಲ್ಲಿದ್ದರು. ಉಳಿದವರು ಸೆರಂಗೂನ್ ಕಡೆಯ ಇನ್ನೊಂದರಲ್ಲಿ. ನವೆಂಬರ್ 26ರ ನಸುಕಿನಲ್ಲಿ ಮೊದಲ ಪಾಳಿಯವರನ್ನು ಡಿಪೊಗೆ ಒಯ್ಯುವ ಗಾಡಿ ಎಂದಿನಂತೆ ಬಂದು ನಿಂತಿತು. ಯಾರೂ ಹತ್ತಲಿಲ್ಲ. ಬೆಳಕು ಹರಿದ ಮೇಲೆ ಕಂಪನಿಯ ಅಧಿಕಾರಿಗಳು, ಕಾರ್ಮಿಕ ಇಲಾಖೆಯವರು, ಅವರ ಹಿಂದೆಯೇ ಗಲಭೆ ನಿಯಂತ್ರಣ ಪೊಲೀಸರ ವಾಹನಗಳು ಬಂದವು. ಚಾಲಕರ ಮುಖ್ಯ ಬೇಡಿಕೆ: ಸಂಬಳದ ವಿಷಯ ಮಾತಾಡಬೇಕು.

ಆ ಸಂಬಳದ ವಿವರ ಹೀಗಿತ್ತು. ಚೀನೀ ಚಾಲಕನ ಮೂಲ ವೇತನ ತಿಂಗಳಿಗೆ 1,075 ಸಿಂಗಪುರ ಡಾಲರ್. ಅದೇ ಬಸ್ಸನ್ನು ಅದೇ ಮಾರ್ಗದಲ್ಲಿ ಓಡಿಸುವ ಮಲೇಷ್ಯಾದವನಿಗೆ 1,400, ಸಿಂಗಪುರದವನಿಗೆ 1,625. ಆ ವರ್ಷ ನಡೆದ ವೇತನ ಪರಿಷ್ಕರಣೆಯಲ್ಲಿ ತಮಗೆ ಏರಿದ್ದು 75 ಡಾಲರ್, ಮಲೇಷ್ಯಾದವರಿಗೆ 275 ಎಂಬುದು ಚೀನೀ ಚಾಲಕರ ದೂರು, ಬೋನಸ್ಸಿನಲ್ಲೂ ಭೇದವಿತ್ತು. ಅಂದಿನ ವಿನಿಮಯ ದರದಲ್ಲಿ 1,075 ಡಾಲರ್ ಎಂದರೆ ಹತ್ತಿರ ಹತ್ತಿರ 48 ಸಾವಿರ ರೂಪಾಯಿ. ಬೆಂಗಳೂರಲ್ಲಿ ಕೂತು ಕೇಳಿದವರಿಗೆ ದೊಡ್ಡ ಮೊತ್ತವೆನಿಸಬಹುದು, ಆದರೆ ಜಗತ್ತಿನ ಅತಿ ದುಬಾರಿ ನಗರಗಳ ಸಾಲಿನಲ್ಲಿದ್ದ ಊರಿನಲ್ಲಿ ಅದಕ್ಕಿದ್ದ ಬೆಲೆಯೇ ಬೇರೆ.

ಕಂಪನಿ ತನ್ನ ಸಮರ್ಥನೆಯನ್ನು ಸಿದ್ಧವಾಗಿಟ್ಟುಕೊಂಡಿತ್ತು. ಚೀನೀ ಚಾಲಕರು ಎರಡು ವರ್ಷದ ಕರಾರಿನ ಮೇಲೆ ಬಂದವರು, ಮಲೇಷ್ಯಾದವರು ಕಾಯಂ ನೌಕರರು. ಚೀನೀಯರ ವಸತಿ, ನೀರು, ವಿದ್ಯುತ್ತು, ಓಡಾಟದ ಖರ್ಚನ್ನು ಕಂಪನಿಯೇ ಭರಿಸುತ್ತದೆ. ಮಲೇಷ್ಯಾದವರಿಗೆ ಆ ಸೌಲಭ್ಯವಿಲ್ಲ. ಕಾಗದದ ಮೇಲೆ ಈ ವಾದ ಸರಿಯಾಗಿಯೇ ಕೂರುತ್ತದೆ. ತೊಡಕು ಇದ್ದದ್ದು ಆ ವಸತಿಯಲ್ಲೇ. ಬೇರೆ ಬೇರೆ ಪಾಳಿಯವರನ್ನು ಒಂದೇ ಕೋಣೆಗೆ ತುಂಬಿದ್ದರಿಂದ, ರಾತ್ರಿ ಕೊನೆಯ ಟ್ರಿಪ್ ಮುಗಿಸಿ ಬಂದವನು ಮಲಗುವ ಹೊತ್ತಿಗೆ ಬೆಳಗಿನ ಪಾಳಿಯವನು ದೀಪ ಹಾಕಿ ಎದ್ದು ತಯಾರಾಗುತ್ತಿದ್ದ. ಹಾಸಿಗೆಯಲ್ಲಿ ತಿಗಣೆ ಬೇರೆ. ನಿದ್ದೆಗೆಟ್ಟ ಕಣ್ಣಲ್ಲಿ ನೂರು ಜನರನ್ನು ಕೂರಿಸಿಕೊಂಡು ಡಬಲ್ ಡೆಕರ್ ಓಡಿಸುವುದು ಚಾಲಕನೊಬ್ಬನ ಸಂಕಟವಾಗಿ ಉಳಿಯದೆ ಪ್ರಯಾಣಿಕರ ಸುರಕ್ಷತೆಯ ಪ್ರಶ್ನೆಯೂ ಆಗುತ್ತದೆ. ಮುಷ್ಕರವಾದ ಬೆನ್ನಿಗೇ ಕೋಣೆಗಳಿಗೆ ಔಷಧಿ ಹೊಡೆಸುವ, ರಿಪೇರಿ ಮಾಡಿಸುವ ಭರವಸೆ ಬಂತು. ಸೇನೆಯ ಮಾಜಿ ಮುಖ್ಯಸ್ಥ ಡೆಸ್ಮಂಡ್ ಕ್ವೆಕ್ ಕಂಪನಿಯ ಚುಕ್ಕಾಣಿ ಹಿಡಿದು ಆಗ ಎರಡು ತಿಂಗಳೂ ಆಗಿರಲಿಲ್ಲ. ಆಡಳಿತದ ಕಡೆಯಿಂದ ಲೋಪವಾಗಿದೆ ಎಂದು ಅವರು ಒಪ್ಪಿಕೊಂಡರು.

ಸುಮಾರು 2,000 ಚಾಲಕರಿದ್ದ ಎಸ್‌ಎಂಆರ್‌ಟಿಯಲ್ಲಿ 450ರಷ್ಟು ಮಂದಿ ಚೀನಾದವರು. ಬಸ್ಸು ಓಡಿಸುವ ಕೆಲಸಕ್ಕೆ ಸ್ಥಳೀಯ ಯುವಕರು ಬರುವುದು ಎಂದೋ ಕಡಿಮೆಯಾಗಿತ್ತು: ನಸುಕಿನ ಪಾಳಿ, ಭಾನುವಾರದ ಪಾಳಿ, ಪ್ರಯಾಣಿಕರ ಬೈಗುಳ, ಅದಕ್ಕೆ ತಕ್ಕ ಸಂಬಳವಿಲ್ಲ. ಇತ್ತ ನಗರದ ಜನಸಂಖ್ಯೆ 2012ಕ್ಕೆ 53 ಲಕ್ಷ ದಾಟಿತ್ತು, ಅದರಲ್ಲಿ 15 ಲಕ್ಷದಷ್ಟು ಮಂದಿ ಕಾಯಂ ನಿವಾಸಿಗಳಲ್ಲದ ಪರದೇಶಿಗಳು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ ಎಂಬ ಕೂಗೆದ್ದಾಗ ಸರ್ಕಾರ ಅದೇ ವರ್ಷ 110 ಕೋಟಿ ಡಾಲರಿನ ಯೋಜನೆ ಹಾಕಿ 800 ಹೊಸ ಬಸ್ಸು ಇಳಿಸಲು ಹೊರಟಿತು. ಬಸ್ಸನ್ನು ಕೊಳ್ಳಬಹುದು, ಚಾಲಕ ಎಲ್ಲಿಂದ ಬರಬೇಕು? ಸೇವಾ ವಲಯಕ್ಕೆ ವರ್ಕ್ ಪರ್ಮಿಟ್ ಮೇಲೆ ಜನರನ್ನು ಕರೆತರಲು ಅಂದಿನ ನಿಯಮ ಬಿಟ್ಟುಕೊಟ್ಟಿದ್ದು ಮಲೇಷ್ಯಾ, ಚೀನಾ, ಹಾಂಗ್‌ಕಾಂಗ್, ಮಕಾವು, ತೈವಾನ್, ದಕ್ಷಿಣ ಕೊರಿಯಾಗಳಿಂದ ಮಾತ್ರ. ಈ ಪಟ್ಟಿಯಲ್ಲಿ ಅಗ್ಗಕ್ಕೆ ಸಿಗುವ ಚಾಲಕರಿದ್ದ ದೊಡ್ಡ ದೇಶವೆಂದರೆ ಚೀನಾ. ಭಾರತ, ಬಾಂಗ್ಲಾದೇಶಗಳಿಂದ ಬಂದ ಕೂಲಿಗಳು ಕಟ್ಟಡ ಕೆಲಸಕ್ಕೆ, ಹಡಗುಕಟ್ಟೆಗೆ ಹೋದರು. ಹಾಗಾಗಿ ಬಸ್ಸಿನ ಸ್ಟೀರಿಂಗ್ ಹಿಂದೆ ಅವರು ಕಾಣುತ್ತಿರಲಿಲ್ಲ.

ಪರ್ಮಿಟ್ ಒಬ್ಬ ಮಾಲೀಕನಿಗೆ ಕಟ್ಟಿದ್ದು. ಕೆಲಸ ಹೋದರೆ ದೇಶದಲ್ಲಿರುವ ಹಕ್ಕೂ ಹೋಯಿತು. ಏಜೆಂಟನಿಗೆ ಹಣ ಕೊಟ್ಟು ಬಂದವನಿಗೆ ಆ ಸಾಲ ತೀರುವವರೆಗೆ ಬಾಯಿ ಬಿಡುವ ಧೈರ್ಯ ಎಲ್ಲಿಂದ ಬರಬೇಕು? ಮೇಲಾಗಿ ಸಿಂಗಪುರದಲ್ಲಿ ಎಲ್ಲರಿಗೂ ಅನ್ವಯಿಸುವ ಕನಿಷ್ಠ ವೇತನ ಕಾನೂನೇ ಇರಲಿಲ್ಲ. ಹಿರಿಯ ಅರ್ಥಶಾಸ್ತ್ರಜ್ಞ ಲಿಮ್ ಚೋಂಗ್ ಯಾಹ್ ಅದೇ ವರ್ಷದ ಏಪ್ರಿಲ್‌ನಲ್ಲಿ, ತಿಂಗಳಿಗೆ 1,500 ಡಾಲರಿಗಿಂತ ಕಡಿಮೆ ದುಡಿಯುವವರ ಸಂಬಳವನ್ನು ಮೂರು ವರ್ಷಗಳಲ್ಲಿ ಶೇ 50ರಷ್ಟು ಏರಿಸಿ, 15,000 ಮೀರಿದವರದನ್ನು ಹಾಗೇ ನಿಲ್ಲಿಸಿ ಎಂದು ಸಲಹೆ ಕೊಟ್ಟಿದ್ದರು. 1970ರ ದಶಕದಿಂದ ಸರ್ಕಾರದ ವೇತನ ನೀತಿ ರೂಪಿಸಿದವರೇ ಹೀಗೆನ್ನುವುದೇ ಎಂದು ಹಲವರು ಹುಬ್ಬೇರಿಸಿದರು. ಸಲಹೆ ಮಾತ್ರ ಮೂಲೆ ಸೇರಿತು.

ಬಸ್ಸು ಮತ್ತು ಮುಷ್ಕರ ಎರಡನ್ನೂ ಒಟ್ಟಿಗೆ ಕೇಳಿದರೆ ಸಿಂಗಪುರ ಬೆಚ್ಚುವುದಕ್ಕೆ ಹಳೆಯ ಕಾರಣವಿದೆ. ಬ್ರಿಟಿಷರ ಆಳ್ವಿಕೆ ಇನ್ನೂ ಇದ್ದ 1955ರಲ್ಲಿ ಅಲ್ಲಿ 275 ಮುಷ್ಕರಗಳು ನಡೆದವು. ಅವುಗಳಲ್ಲಿ ಹೆಸರು ಉಳಿಸಿಕೊಂಡದ್ದು ಹಾಕ್ ಲೀ ಬಸ್ ಕಂಪನಿಯದು. ಸಿಂಗಪುರ ಬಸ್ ಕಾರ್ಮಿಕರ ಸಂಘಕ್ಕೆ ಸೇರಿದವರನ್ನು ಮುರಿಯಲು ಕಂಪನಿ ಇನ್ನೊಂದು ಸಂಘವನ್ನು ಬೆಳೆಸಿತು, ಆಮೇಲೆ 229 ಮಂದಿಯನ್ನು ಕೆಲಸದಿಂದ ಕಿತ್ತುಹಾಕಿತು. ಏಪ್ರಿಲ್ ಕೊನೆಗೆ ಕಾರ್ಮಿಕರು ಅಲೆಕ್ಸಾಂಡ್ರಾ ರಸ್ತೆಯ ಡಿಪೊ ಬಾಗಿಲಿಗೆ ಅಡ್ಡ ಕೂತರು. ಫೋಂಗ್ ಸ್ವೀ ಸುವಾನ್, ಲಿಮ್ ಚಿನ್ ಸಿಯೋಂಗ್‌ರಂಥ ಎಡಪಂಥೀಯ ನಾಯಕರು ಬೆನ್ನಿಗೆ ನಿಂತರು. ಚೀನೀ ಮಾಧ್ಯಮದ ಶಾಲೆಗಳ ಹುಡುಗ ಹುಡುಗಿಯರು ಲಾರಿಗಳಲ್ಲಿ ಊಟ ತುಂಬಿಕೊಂಡು ಬಂದು ಅಡ್ಡ ಕೂತವರೆದುರು ಹಾಡಿ ಕುಣಿದರು. ಮೇ 12ರ ರಾತ್ರಿ ಬೀದಿಗಳು ರಣರಂಗವಾದವು. ನಾಲ್ವರು ಸತ್ತರು, ಅವರಲ್ಲಿ ಒಬ್ಬ 16ರ ಶಾಲಾ ಹುಡುಗ, ಒಬ್ಬ ಅಮೆರಿಕನ್ ವರದಿಗಾರ. ಒಂದು ತಿಂಗಳ ಹಿಂದಷ್ಟೇ ಮುಖ್ಯಮಂತ್ರಿಯಾಗಿದ್ದ ಡೇವಿಡ್ ಮಾರ್ಷಲ್‌ಗೆ ಅದು ಮೊದಲ ಅಗ್ನಿಪರೀಕ್ಷೆ. ಎರಡು ದಿನದಲ್ಲಿ ರಾಜಿಯಾಯಿತು. ಅದೇ ವರ್ಷ ಸಿಂಗಪುರ ಟ್ರ್ಯಾಕ್ಷನ್ ಕಂಪನಿಯ ನೌಕರರು ಹೂಡಿದ ಇನ್ನೊಂದು ಮುಷ್ಕರ 142 ದಿನ ಎಳೆಯಿತು.

ಇಲ್ಲಿ ಗಮನಿಸಬೇಕಾದ್ದೊಂದಿದೆ. ಹಾಕ್ ಲೀ ಡಿಪೊ ಎದುರು ಕೂತವರಲ್ಲಿ ಬಹುಪಾಲು ಜನ ವಲಸೆ ಬಂದ ಚೀನೀಯರು ಅಥವಾ ಅವರ ಮಕ್ಕಳು. ಸಿಂಗಪುರಕ್ಕೆ ತನ್ನದೇ ಪೌರತ್ವ ಎಂಬುದು ಬಂದದ್ದೇ 1957ರಲ್ಲಿ. ಅಂದರೆ 2012ರಲ್ಲಿ ಪರದೇಶಿಗಳೆಂದು ಸಂಬಳದ ಕೊನೆಯ ಸಾಲಿಗೆ ಬಿದ್ದವರಿಗೂ, ಅವರಿಗಿಂತ ಮೇಲಿನ ಸಾಲಿನಲ್ಲಿದ್ದ ಎಷ್ಟೋ ಸ್ಥಳೀಯ ಚಾಲಕರ ಅಜ್ಜಂದಿರಿಗೂ ನಡುವಿನ ವ್ಯತ್ಯಾಸ ಬಂದಿಳಿದ ಹಡಗಿನ ತಾರೀಕಿನದಷ್ಟೇ. ಈ ಸಂಗತಿಯನ್ನು ಸರ್ಕಾರಿ ಹೇಳಿಕೆಗಳು ಎತ್ತಲಿಲ್ಲ.

1955ರಲ್ಲೇ ಹುಟ್ಟಿದ್ದು ಅಪರಾಧ ಕಾನೂನು (ತಾತ್ಕಾಲಿಕ ಅವಕಾಶಗಳು) ಶಾಸನ. ಅಗತ್ಯ ಸೇವೆಯಲ್ಲಿರುವವರು 14 ದಿನ ಮುಂಚಿತವಾಗಿ ನೋಟಿಸು ಕೊಡದೆ ಮುಷ್ಕರ ಹೂಡಿದರೆ 2,000 ಡಾಲರ್‌ವರೆಗೆ ದಂಡ, 12 ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ವಾತಂತ್ರ್ಯದ ನಂತರವೂ ಇದನ್ನು ಅವಧಿ ಅವಧಿಗೆ ವಿಸ್ತರಿಸುತ್ತ ಬರಲಾಗಿದೆ. 1963ರ ಫೆಬ್ರುವರಿಯ ಆಪರೇಷನ್ ಕೋಲ್ಡ್‌ಸ್ಟೋರ್‌ನಲ್ಲಿ ಎಡಪಂಥೀಯ ಸಂಘಗಳ ನಾಯಕರು ಸೆರೆಯಾದರು. ಬ್ರಿಟಿಷ್ ಸೇನೆ ಜಾಗ ಖಾಲಿ ಮಾಡುತ್ತದೆ, ಬಂಡವಾಳಗಾರರನ್ನು ಕರೆಯಲೇಬೇಕು ಎಂಬ ಒತ್ತಡದಲ್ಲಿ 1968ರಲ್ಲಿ ಬಂದ ಕಾರ್ಮಿಕ ಕಾನೂನುಗಳು ಸಂಘಗಳ ಕೈ ಇನ್ನಷ್ಟು ಕಟ್ಟಿದವು. ಸರ್ಕಾರ, ಮಾಲೀಕರು, ರಾಷ್ಟ್ರೀಯ ಕಾರ್ಮಿಕ ಸಂಘಗಳ ಒಕ್ಕೂಟ ಮೂವರೂ ಒಂದೇ ಮೇಜಿಗೆ ಕೂತು ಇತ್ಯರ್ಥ ಮಾಡುವ ಪದ್ಧತಿ ಬೇರೂರಿತು. ಒಕ್ಕೂಟದ ಮುಖ್ಯಸ್ಥರು ಮಂತ್ರಿಯೂ ಆಗಿರುವುದು ಅಲ್ಲಿ ಬಹುಕಾಲ ವಾಡಿಕೆಯಾಗಿತ್ತು. 1986ರ ಜನವರಿಯಲ್ಲಿ ಹೈಡ್ರಿಲ್ ಎಂಬ ಅಮೆರಿಕನ್ ಕಂಪನಿಯ 61 ಮಂದಿ ಎರಡು ದಿನ ಮುಷ್ಕರ ಮಾಡಿದ್ದು ಅಂಥ ಒಬ್ಬ ಮಂತ್ರಿ-ನಾಯಕ ಓಂಗ್ ಟೆಂಗ್ ಚೋಂಗ್ ಒಪ್ಪಿಗೆ ಕೊಟ್ಟಿದ್ದರಿಂದ. ಸಂಪುಟಕ್ಕೆ ಸುಳಿವನ್ನೂ ಕೊಡದೆ ಒಪ್ಪಿದ್ದಕ್ಕೆ ಸಹೋದ್ಯೋಗಿ ಮಂತ್ರಿಗಳು ಕಿಡಿಕಿಡಿಯಾದರೆಂದು ಅವರೇ ಮುಂದೆ ಸಂದರ್ಶನವೊಂದರಲ್ಲಿ ಹೇಳಿದರು. ಅದರ ನಂತರ ಚೀನೀ ಚಾಲಕರವರೆಗೆ ಸದ್ದಿಲ್ಲ.

2012ರಲ್ಲಿ ಮೊದಲ ದಿನ ಯಾರೂ ಅದನ್ನು ಮುಷ್ಕರವೆಂದು ಕರೆಯುವ ಗೋಜಿಗೆ ಹೋಗಲಿಲ್ಲ. ನವೆಂಬರ್ 27ರ ಸಂಜೆ ಹಂಗಾಮಿ ಕಾರ್ಮಿಕ ಮಂತ್ರಿ ಟಾನ್ ಚುವಾನ್-ಜಿನ್ ಅದನ್ನು ಅಕ್ರಮ ಮುಷ್ಕರವೆಂದು ಸಾರಿದರು. ಎರಡೇ ದಿನದಲ್ಲಿ, 29ರಂದು, ನಾಲ್ವರು ಚಾಲಕರ ಮೇಲೆ ಪ್ರಚೋದನೆಯ ಆರೋಪ ಬಿತ್ತು. ಅವರಲ್ಲೊಬ್ಬ ಚೀನಾದ ಅಂತರಜಾಲ ವೇದಿಕೆಯೊಂದರಲ್ಲಿ ತಮ್ಮ ಸಂಬಳದ ಅವಮಾನವನ್ನು ಬರೆದುಕೊಂಡಿದ್ದ. ಐದನೆಯವನು ಡಿಸೆಂಬರ್ 3ರಂದು ತಪ್ಪೊಪ್ಪಿಕೊಂಡ. ವಕೀಲನೂ ಇರಲಿಲ್ಲ, ಆರು ವಾರ ಜೈಲಾಯಿತು. ಉಳಿದ ನಾಲ್ವರಿಗೆ 2013ರ ಫೆಬ್ರುವರಿಯಲ್ಲಿ ಶಿಕ್ಷೆ ಪ್ರಕಟವಾಯಿತು: ಒಬ್ಬನಿಗೆ ಏಳು ವಾರ, ಮೂವರಿಗೆ ಆರು ವಾರ. 29 ಮಂದಿಯನ್ನು ವಿಮಾನ ಹತ್ತಿಸಲಾಯಿತು, ಸುಮಾರು 150 ಮಂದಿ ಪೊಲೀಸ್ ಎಚ್ಚರಿಕೆ ಪಡೆದು ಕೆಲಸಕ್ಕೆ ಮರಳಿದರು. ಮಂತ್ರಿಗಳು ಕಂಪನಿಗೂ ನಾಲ್ಕು ಮಾತು ಹೇಳಿದರು, ಆದರೆ ಕಂಪನಿಯ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ.

ವಿಚಾರಣೆಯ ವೇಳೆ ಪೊಲೀಸರು ಹೊಡೆದರೆಂದು ಇಬ್ಬರು ಚಾಲಕರು ಹೇಳಿದ್ದನ್ನು ಸಾಕ್ಷ್ಯಚಿತ್ರ ನಿರ್ಮಾಪಕಿ ಲಿನ್ ಲೀ ಚಿತ್ರೀಕರಿಸಿ ಪ್ರಕಟಿಸಿದರು. ಪೊಲೀಸರ ಆಂತರಿಕ ತನಿಖೆ ಅದನ್ನು ನಿರಾಧಾರವೆಂದಿತು, ಲಿನ್ ಲೀಯವರನ್ನೇ ಗಂಟೆಗಟ್ಟಲೆ ಪ್ರಶ್ನಿಸಲಾಯಿತು. ಸಾರ್ವಜನಿಕರ ಮನಸ್ಸೂ ಎರಡಾಗಿತ್ತು. 2012ರ ಮೇ ತಿಂಗಳಲ್ಲಷ್ಟೇ ಚೀನಾದ ಶ್ರೀಮಂತನೊಬ್ಬ ಫೆರಾರಿಯಲ್ಲಿ ಕೆಂಪು ದೀಪ ದಾಟಿ ಟ್ಯಾಕ್ಸಿಗೆ ಗುದ್ದಿ ಮೂವರು ಸತ್ತಿದ್ದರು, ಚೀನೀಯರೆಂದರೆ ಊರಿಗೆ ಸಿಟ್ಟಿತ್ತು. ಆದರೂ ಪರದೇಶಿ ಕಾರ್ಮಿಕರ ಪರ ದುಡಿಯುವ ಸಂಸ್ಥೆಗಳು ದನಿಯೆತ್ತಿದವು, ಕೆಲವು ಸ್ಥಳೀಯರು ವಕೀಲರನ್ನು ಒದಗಿಸಿ ಜಾಮೀನಿಗೆ ನೆರವಾದರು. ವಾರಕ್ಕೆ ಆರು ದಿನದ ಕೆಲಸದ ಹೊಸ ಪಟ್ಟಿಯ ಬಗ್ಗೆ ಸ್ಥಳೀಯ ಚಾಲಕರೂ ಗೊಣಗುತ್ತಿದ್ದರು. ರಾಷ್ಟ್ರೀಯ ಸಾರಿಗೆ ಕಾರ್ಮಿಕರ ಸಂಘದ ಬಾಗಿಲು ತಟ್ಟಬೇಕಿತ್ತು ಎಂಬುದು ಅಧಿಕಾರಿಗಳ ಬುದ್ಧಿಮಾತು. ಮುಷ್ಕರ ಹೂಡಿದವರಲ್ಲಿ ಹೆಚ್ಚಿನವರು ಆ ಸಂಘದ ಸದಸ್ಯರೇ ಅಲ್ಲ.

2013ರ ಡಿಸೆಂಬರ್ 8ರಂದು ಲಿಟಲ್ ಇಂಡಿಯಾದಲ್ಲಿ, ಕೂಲಿಗಳನ್ನು ವಸತಿಗೃಹಕ್ಕೆ ಒಯ್ಯುವ ಖಾಸಗಿ ಬಸ್ಸಿಗೆ ಸಿಕ್ಕು ತಮಿಳುನಾಡಿನ ಕಟ್ಟಡ ಕಾರ್ಮಿಕನೊಬ್ಬ ಸತ್ತಾಗ ನೂರಾರು ಜನ ಆಂಬುಲೆನ್ಸ್, ಪೊಲೀಸ್ ವಾಹನಗಳಿಗೆ ಬೆಂಕಿ ಹಚ್ಚಿದರು. ವಿಚಾರಣಾ ಸಮಿತಿ ಅಪಘಾತವನ್ನೂ ಮದ್ಯವನ್ನೂ ಕಾರಣವೆಂದು ಹೇಳಿ, ಕೂಲಿ ಮತ್ತು ವಸತಿಯ ಅತೃಪ್ತಿ ಕಾರಣವಲ್ಲವೆಂದಿತು. ಹೀಗಿದ್ದೂ 2015ರಲ್ಲಿ ದೊಡ್ಡ ವಸತಿಗೃಹಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ಬಂತು.

ಬಸ್ಸಿನ ಕಡೆ ಬದಲಾವಣೆ ಬೇರೆ ದಾರಿಯಲ್ಲಿ ನಡೆಯಿತು. 2014ರಲ್ಲಿ ಸರ್ಕಾರ ಬಸ್ಸು, ಡಿಪೊಗಳನ್ನು ತಾನೇ ಇಟ್ಟುಕೊಂಡು ಮಾರ್ಗಗಳನ್ನು ಟೆಂಡರ್ ಮೇಲೆ ಗುತ್ತಿಗೆ ಕೊಡುವ ಪದ್ಧತಿ ಪ್ರಕಟಿಸಿತು. 2016ರಿಂದ ಅದು ಪೂರ್ತಿ ಜಾರಿಗೆ ಬಂತು. ಟವರ್ ಟ್ರಾನ್ಸಿಟ್, ಗೋ-ಅಹೆಡ್ ಎಂಬ ಹೊಸ ಕಂಪನಿಗಳು ಕಣಕ್ಕಿಳಿದು ಚಾಲಕರಿಗಾಗಿ ಪೈಪೋಟಿ ಶುರುವಾಯಿತು. ಮುಷ್ಕರದಿಂದ ಆಗದ್ದು ಪೈಪೋಟಿಯಿಂದ ಆಯಿತು: ಆರಂಭದ ಸಂಬಳ ಏರಿತು. 2019ರಲ್ಲಿ ಇನ್ನೊಂದು ಕಂಪನಿ ಎಸ್‌ಬಿಎಸ್ ಟ್ರಾನ್ಸಿಟ್‌ನ ಕೆಲವು ಚಾಲಕರು ವಾರದ ರಜೆ ಮತ್ತು ಓವರ್‌ಟೈಮ್ ಲೆಕ್ಕದಲ್ಲಿ ತಮಗೆ ಅನ್ಯಾಯವಾಗಿದೆ ಎಂದು ನೇರ ನ್ಯಾಯಾಲಯಕ್ಕೆ ಹೋದರು. ಗೆದ್ದದ್ದು ಕಂಪನಿ.