ಟಿಂಕರನ ಕಣ್ಣಿಗೆ ಕಾಣದ್ದು

ಇಂಗ್ಲೆಂಡಿನಲ್ಲಿ ಟಿಂಕರ್ ಎಂದರೆ ಊರಿಂದೂರಿಗೆ ಅಲೆದು ತೂತುಬಿದ್ದ ಪಾತ್ರೆ ಸರಿಮಾಡಿಕೊಡುತ್ತಿದ್ದವನು. ಕಾರಿನ ನಜ್ಜುಗುಜ್ಜಾದ ತಗಡನ್ನು ತಿದ್ದುವವನಿಗೆ ಅಲ್ಲಿ ಬೇರೆ ಹೆಸರಿದೆ, ಪ್ಯಾನೆಲ್ ಬೀಟರ್. ಉತ್ತರ ಭಾರತದಲ್ಲಿ ಆ ಕೆಲಸ ಡೆಂಟಿಂಗ್. ನಮ್ಮ ಕಡೆ ಅದು ಟಿಂಕರಿಂಗ್. ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಕಾರಿಗೆ ಪೆಟ್ಟು ಬಿದ್ದರೆ 'ಟಿಂಕರಿಂಗ್ ಮಾಡಿಸ್ಬೇಕು' ಅಂದರೆ ಸಾಕು, ಇನ್ನೇನೂ ವಿವರಿಸಬೇಕಾಗಿಲ್ಲ. ಪಾತ್ರೆಯವನ ಹೆಸರು ಕಾರಿನವನಿಗೆ ಅಂಟಿಕೊಂಡದ್ದು ಮೊದಲಿಗೆ ತಮಾಷೆ ಅನ್ನಿಸುತ್ತದೆ. ಕೆಲಸವನ್ನು ಹತ್ತಿರದಿಂದ ನೋಡಿದರೆ ಹೆಸರು ಸರಿಯಾಗೇ ಇದೆ.

ಕಲಾಯಿ ಹಾಕುವುದನ್ನು ನೋಡಿದವರು ಇನ್ನೂ ಇದ್ದಾರೆ. ನೆಲದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಕಾದ ತಾಮ್ರದ ಪಾತ್ರೆಗೆ ನವಸಾಗರ ಎರಚಿ, ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಈಗಿನ ಪುಟ್ಟಿ ಬರುವ ಮೊದಲು ಕಾರಿನ ತಗ್ಗನ್ನು ತುಂಬುತ್ತಿದ್ದದ್ದು ಸೀಸದಿಂದ. ಸೀಸ ನೇರವಾಗಿ ಉಕ್ಕಿಗೆ ಹಿಡಿಯುವುದಿಲ್ಲ. ಉಕ್ಕನ್ನು ಉಜ್ಜಿ ಹೊಳಪು ಬರಿಸಿ, ಮೊದಲು ತವರದ ತೆಳು ಲೇಪ ಕೊಡಬೇಕು. ಇದು ಕಲಾಯಿಯೇ, ಬೇರೇನಲ್ಲ. ಅದರ ಮೇಲೆ ಸೀಸ-ತವರದ ಮಿಶ್ರಣವನ್ನು ಬೆಣ್ಣೆಯ ಹದಕ್ಕೆ ಕಾಯಿಸಿ ಮರದ ಹಲಗೆಯಿಂದ ಸವರಬೇಕು. ಒಂದು ಕ್ಷಣ ಹೆಚ್ಚು ಕಾಯಿಸಿದರೆ ಸುರಿದುಹೋಗುತ್ತದೆ, ಕಡಿಮೆ ಕಾಯಿಸಿದರೆ ಕಾಳುಕಾಳಾಗುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ರೆಸಿನ್ನಿಗೆ ಬಳಪದ ಕಲ್ಲಿನ ಪುಡಿ ಬೆರೆಸಿದ ಪುಟ್ಟಿ ಬಂತು. ಕಾಯಿಸುವ ಗೋಜಿಲ್ಲ, ಹಾರ್ಡನರ್ ಬೆರೆಸಿ ಎಳೆದರೆ ಸ್ವಲ್ಪ ಹೊತ್ತಿಗೆ ಗಟ್ಟಿ. ಸೀಸ ಹೋಯಿತು. ಸೀಸದ ವಿಷವೂ ಜೊತೆಗೆ ಹೋದದ್ದು ಒಳ್ಳೆಯದೇ. ಆದರೆ ಸೋಮಾರಿ ಟಿಂಕರನೂ ಹುಟ್ಟಿದ್ದು ಆಗಲೇ. ಸುತ್ತಿಗೆಯಿಂದ ಮುಕ್ಕಾಲು ಪಾಲು ಎಬ್ಬಿಸಬೇಕಾದ ತಗ್ಗನ್ನು ಪುಟ್ಟಿಯಿಂದಲೇ ಮುಚ್ಚಿದರೆ ಬಣ್ಣದ ಕೆಳಗೆ ಯಾರಿಗೆ ಗೊತ್ತಾಗಬೇಕು? ಗೊತ್ತಾಗುವುದು ಎರಡು ಮಳೆಗಾಲ ಕಳೆದು, ಪುಟ್ಟಿ ಬಿರುಕುಬಿಟ್ಟು ಹಪ್ಪಳದಂತೆ ಎದ್ದಾಗ.

ಈ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಬರವಿಲ್ಲದಂತೆ ಮಾಡಿರುವುದು ರಸ್ತೆಗಳು. ಮೈಸೂರಿನ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಬಂಡೀಪುರ, ಮುದುಮಲೆಯ ಮೇಲೆ ಊಟಿಗೆ, ಇನ್ನೊಂದು ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿಯ ಕಡೆಗೆ. ಚಾಮರಾಜನಗರದಿಂದ ಹೊರಟ ರಸ್ತೆ ಪುಣಜನೂರು, ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲ ಸೇರುತ್ತದೆ. ತರಕಾರಿ, ಬಾಳೆ, ಕರಿಕಲ್ಲಿನ ಲಾರಿಗಳ ನಡುವೆ ಪ್ರವಾಸಿಗರ ಕಾರು. ಇಕ್ಕಟ್ಟಿನ ತಿರುವಿನಲ್ಲಿ ಲಾರಿ ಸವರಿಕೊಂಡು ಹೋದರೆ ಪೆಟ್ಟು ಡೋರಿಗೆ. ಕಾಡಿನಲ್ಲಿ ಜಿಂಕೆ ಅಡ್ಡ ಬಂದರೆ ಬಾನೆಟ್ಟು, ಹೆಡ್‌ಲೈಟು, ಮಡ್‌ಗಾರ್ಡಿಗೆ. ಜಿಂಕೆಗೆ ಏನಾಗುತ್ತದೆಂಬುದನ್ನು ಗ್ಯಾರೇಜಿನ ಬಿಲ್ಲು ಹೇಳುವುದಿಲ್ಲ. ಅದಕ್ಕಾಗಿಯೇ 2009ರಲ್ಲಿ ಬಂಡೀಪುರದ ರಸ್ತೆಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಂತಿತು; 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನನಗೆ ಕೇಳಿದರೆ ಅದು ನಿಲ್ಲಲೇಬೇಕಿತ್ತು.

ಪೆಟ್ಟು ಬಿದ್ದ ತಗಡನ್ನು ಓದುವುದು ಹೇಗೆ? ಇದು ಕಲಿಕೆಯ ಮೊದಲ ಪಾಠ. ತಗ್ಗು ಬಿದ್ದ ಕ್ರಮಕ್ಕೆ ವಿರುದ್ಧ ಕ್ರಮದಲ್ಲಿ ಅದನ್ನು ಬಿಡಿಸಬೇಕು. ಕೊನೆಗೆ ಮಡಿದದ್ದು ಮೊದಲು ಏಳಬೇಕು. ಹಿಂದೆ ಡಾಲಿ ಎಂಬ ಕಬ್ಬಿಣದ ಗುಂಡು ಹಿಡಿದು ಮುಂದಿನಿಂದ ಸುತ್ತಿಗೆ ಬಡಿಯುವಾಗ ಜೋರಾದರೆ ತಗಡು ಹಿಗ್ಗುತ್ತದೆ. ಹಿಗ್ಗಿದ ತಗಡು ಬೆರಳಿಟ್ಟರೆ ಟಕ್ ಎಂದು ಒಳಹೋಗಿ ಹೊರಬರುತ್ತಿರುತ್ತದೆ. ಆಗ ನಾಣ್ಯದಷ್ಟಗಲ ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆಯಿಂದ ತಣಿಸಿದರೆ ಕುಗ್ಗುತ್ತದೆ. ಸಮವಾಯಿತೇ ಎಂದು ಕಣ್ಣು ಹೇಳಲಾರದು. ಅಂಗೈಯನ್ನು ಚಪ್ಪಟೆಯಾಗಿಟ್ಟು ಉದ್ದಕ್ಕೂ ಸವರಬೇಕು. ಕೂದಲೆಳೆಯಷ್ಟು ಉಬ್ಬನ್ನೂ ಅಂಗೈ ಹಿಡಿಯುತ್ತದೆ. ಅಂಬಾಸಿಡರ್ ಕಾರಿನ ದಪ್ಪ ತಗಡು ಇಂಥ ಕಲಿಕೆಗೆ ಒದಗಿತ್ತು. ತಪ್ಪು ಏಟನ್ನೂ ತಾಳಿಕೊಳ್ಳುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ತೆಳು ತಗಡು ಕಲಿಯುವವನ ತಪ್ಪನ್ನು ಕ್ಷಮಿಸಲಿಲ್ಲ.

ಬಣ್ಣದ ಕತೆ ಇನ್ನೂ ಹಳೆಯದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಇವತ್ತು ಅದು ಮತ ಹಾಕಿದ ಬೆರಳಿನ ಶಾಯಿಗೆ ಪ್ರಸಿದ್ಧ. ಹೆಸರಲ್ಲೇ ಅರಗಿದೆ; ಕಾಡಿನ ಅರಗು, ಎಣ್ಣೆ, ವಾರ್ನಿಷ್‌ಗಳ ಲೋಕದಿಂದ ಬಂದ ಹೆಸರು ಅದು. ಮೊದಲಿಗೆ ಕಾರುಗಳೂ ಸಾರೋಟಿನಂತೆ ವಾರ್ನಿಷ್ ಬಳಿಸಿಕೊಂಡು, ಒಂದೊಂದು ಲೇಪ ಒಣಗಲು ಕಾಯುತ್ತ ವಾರಗಟ್ಟಲೆ ನಿಲ್ಲುತ್ತಿದ್ದವು. 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ಡ್ಯೂಕೋ ಎಂಬ ಹೊಸ ಬಣ್ಣ ತಂದಿತು. ಆ ಕಾಲದ ಸಿನಿಮಾ ರೀಲು ತಯಾರಾಗುತ್ತಿದ್ದ ನೈಟ್ರೋಸೆಲ್ಯುಲೋಸೇ ಇದರ ಮೂಲ. ಗಂಟೆಗಳಲ್ಲಿ ಒಣಗುವ ಈ ಬಣ್ಣ ಬ್ರಶ್ಶಿಗೆ ಒಗ್ಗುತ್ತಿರಲಿಲ್ಲ, ಸ್ಪ್ರೇ ಗನ್ನೇ ಬೇಕು. ಆ ಗನ್ನಿನ ಕತೆ ಸ್ವಾರಸ್ಯದ್ದು: ಅಮೆರಿಕದ ಡೆವಿಲ್‌ಬಿಸ್ ಎಂಬ ವೈದ್ಯರು ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ಮಾಡಿದ ಸಾಧನವನ್ನು ಅವರ ಮಗ ಬಣ್ಣಕ್ಕೆ ಒಗ್ಗಿಸಿದ. ಡ್ಯೂಕೋ ಎಂಬ ಬ್ರ್ಯಾಂಡಿನ ಹೆಸರು ನಮ್ಮಲ್ಲಿ ಸ್ಪ್ರೇ ಬಣ್ಣಕ್ಕೇ ಹೆಸರಾಯಿತು. ಬೀರುವಿಗೂ ಡ್ಯೂಕೋ, ಸ್ಕೂಟರಿಗೂ ಡ್ಯೂಕೋ.

ಬಣ್ಣ ಕೂಡಿಸುವುದನ್ನು ಕಲಿಸುವುದು ಬಹಳ ಕಷ್ಟ. ಬಿಳಿ ಕಾರಿನ ಒಂದು ಡೋರಿಗೆ ಬಣ್ಣ ಹೊಡೆಯಬೇಕು ಅನ್ನಿ. ಅಂಗಡಿಯಿಂದ ಬಿಳಿ ತಂದು ಹೊಡೆದರಾಯಿತಲ್ಲ? ಆಗುವುದಿಲ್ಲ. ಒಂದು ಬಿಳಿಯಲ್ಲಿ ಹಳದಿಯ ಸುಳಿವು, ಇನ್ನೊಂದರಲ್ಲಿ ನೀಲಿಯ ಸುಳಿವು, ಮತ್ತೊಂದರಲ್ಲಿ ಒಂದೆರಡು ತೊಟ್ಟು ಕಪ್ಪು. ಒದ್ದೆಯಿದ್ದಾಗ ಕೂಡಿದ್ದು ಒಣಗಿದ ಮೇಲೆ ಬೇರೆಯಾಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಅನ್ನಿಸಿದ್ದು ಬಿಸಿಲಿಗೆ ಬಂದೊಡನೆ ಎರಡಾಗುತ್ತದೆ. ಹಾಗಾಗಿ ಅನುಭವಿಗಳು ಬಣ್ಣವನ್ನು ಬೆಳಕು ಹದವಾಗಿರುವ ಹೊತ್ತಿನಲ್ಲಿ, ಹೊರಗೆ ನೋಡುತ್ತಾರೆ.

ಮೆಟಾಲಿಕ್ ಬಣ್ಣದಲ್ಲಿ ಇನ್ನೊಂದು ಮೋಸವಿದೆ. ಅದರೊಳಗಿನ ಅಲ್ಯುಮಿನಿಯಂ ಚೂರುಗಳು ಹೇಗೆ ಮಲಗುತ್ತವೆ ಎಂಬುದರ ಮೇಲೆ ಬಣ್ಣ ನಿಂತಿದೆ. ಗನ್ನನ್ನು ದೂರ ಹಿಡಿದು, ಗಾಳಿ ಹೆಚ್ಚಿಸಿ, ಒಣಒಣಗಾಗಿ ಹೊಡೆದರೆ ಚೂರುಗಳು ಮೇಲೇ ಉಳಿದು ಬಣ್ಣ ತಿಳಿಯಾಗುತ್ತದೆ. ಒದ್ದೆಯಾಗಿ ಹೊಡೆದರೆ ಮುಳುಗಿ ಗಾಢವಾಗುತ್ತದೆ. ಡಬ್ಬ ಒಂದೇ, ಕೈ ಬೇರೆ, ಬಣ್ಣ ಬೇರೆ. ಕಾರಿನಲ್ಲಿ ಕಂಪನಿಯ ಬಣ್ಣದ ಕೋಡ್ ಅಂಟಿಸಿರುತ್ತಾರೆ, ಕಂಪ್ಯೂಟರು ಗ್ರಾಂ ಲೆಕ್ಕದಲ್ಲಿ ಬೆರೆಸಿಕೊಡುತ್ತದೆ. ಆ ಲೆಕ್ಕ ಹೊಸ ಕಾರಿನದು. ಹತ್ತು ವರ್ಷ ಬಯಲುಸೀಮೆಯ ಬಿಸಿಲುಂಡ ಕಾರು ತನ್ನ ಕೋಡನ್ನು ಮರೆತಿರುತ್ತದೆ. ಆಗ ಬಲ್ಲವನು ಡೋರಿಗೆ ಮಾತ್ರ ಹೊಡೆದು ನಿಲ್ಲಿಸುವುದಿಲ್ಲ. ಪಕ್ಕದ ಮಡ್‌ಗಾರ್ಡಿಗೂ ಬಣ್ಣವನ್ನು ತೆಳುವಾಗಿ ಹರಿಸಿ ಕರಗಿಸಿಬಿಡುತ್ತಾನೆ, ಮೇಲೆ ಪೂರ್ತಿ ಕ್ಲಿಯರ್ ಕೋಟ್. ಎರಡು ಬಣ್ಣ ಒಂದಾಗಿರುವುದಿಲ್ಲ. ಎಲ್ಲಿ ಬೇರೆಯಾದವು ಎಂದು ನೋಡುವವನಿಗೆ ತಿಳಿಯುವುದಿಲ್ಲ, ಅಷ್ಟೇ. ನೇರ ಅಳತೆಯಿಂದ ಗೆಲ್ಲಲಾಗದ್ದನ್ನು ಗಡಿ ಅಳಿಸಿ ಗೆಲ್ಲುವ ಈ ಉಪಾಯ ನನಗೆ ಬಹಳ ಇಷ್ಟ.

ಡೋರು ಕಲಿಯುವವನಿಗೆ ಒಂದು ಪುಟ್ಟ ಪಠ್ಯಪುಸ್ತಕ. ಹೊರ ತಗಡನ್ನು ಒಳಚೌಕಟ್ಟಿನ ಅಂಚಿಗೆ ಮಡಚಿ ಕೂರಿಸಿರುತ್ತಾರೆ, ಸೀರೆಯ ಅಂಚು ಮಡಚಿ ಹೊಲಿದ ಹಾಗೆ. ಒಳಗೆ ಗ್ಲಾಸ್ ಮೆಷಿನ್, ಲಾಕು, ಕೆಳಗೆ ಮಳೆನೀರು ಹೋಗುವ ತೂತು. ಬಣ್ಣ ಹೊಡೆಯುವಾಗ ಆ ತೂತು ಮುಚ್ಚಿಹೋದರೆ ನೀರು ನಿಂತು ಡೋರು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಡೋರು ಜೋತಿದೆಯೇ ಎಂದು ನೋಡಲು ಅರ್ಧ ತೆರೆದು ತುದಿ ಹಿಡಿದು ಎತ್ತಬೇಕು; ಅಲುಗಿದರೆ ಹಿಂಜು ಸವೆದಿದೆ. ಹಿಂಜು ಸರಿಯಿದ್ದೂ ಸುತ್ತಲ ಸಂದು ಮೇಲೊಂದು ಕೆಳಗೊಂದು ಅಳತೆ ತೋರಿದರೆ ಬಾಗಿರುವುದು ಡೋರಲ್ಲ, ಅದನ್ನು ಹೊತ್ತ ಪಿಲ್ಲರ್. ಅಂಥಲ್ಲಿ ಹಿಂಜನ್ನೇ ಬಗ್ಗಿಸಿ ಡೋರು ಕೂರಿಸಿದರೆ ಗಿರಾಕಿ ಸಂತೋಷದಿಂದ ಹೋಗುತ್ತಾನೆ, ಪೆಟ್ಟು ಒಳಗೇ ಉಳಿಯುತ್ತದೆ.

ಇದನ್ನೆಲ್ಲ ಕಲಿಸುತ್ತಿದ್ದ ಶಾಲೆ ಗ್ಯಾರೇಜೇ. ಗುರು ಉಸ್ತಾದ್ ಅಥವಾ ಮೇಸ್ತ್ರಿ. ಹುಡುಗನ ಕೈಗೆ ಮೊದಲು ಸಿಗುವುದು ವಾಟರ್ ಪೇಪರ್ ಮತ್ತು ಬಕೆಟ್ಟು ನೀರು. ಗನ್ ಸಿಗುವುದು ಬಹಳ ಕೊನೆಗೆ. ಬೈಗುಳ ಉಚಿತ, ಸಂಬಳ ನೆಪಕ್ಕೆ. ಆ ಹುಡುಗರಲ್ಲಿ ಎಷ್ಟೋ ಮಂದಿಗೆ ಹತ್ತು-ಹನ್ನೆರಡು ವರ್ಷ. 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧಿತ ಕೆಲಸಗಳ ಪಟ್ಟಿಗೆ ಮುಂದೆ ಗ್ಯಾರೇಜುಗಳೂ ಸೇರಿದವು. 2016ರ ತಿದ್ದುಪಡಿ ಹದಿನಾಲ್ಕರ ಒಳಗಿನವರನ್ನು ದುಡಿಸಿಕೊಳ್ಳುವುದನ್ನೇ ನಿಷೇಧಿಸಿತು. 'ಚಿಕ್ಕ ವಯಸ್ಸಿಗೆ ಬಂದರೇನೇ ಕೈ ಕೂರೋದು' ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ಶಾಲೆ ಬಿಟ್ಟ ಮಗುವಿನ ಲೆಕ್ಕ ಆ ಮಾತಿನಲ್ಲಿ ಇಲ್ಲ. ಈಗ ಐಟಿಐ ಪಠ್ಯಕ್ರಮದಲ್ಲಿ ಆಟೋ ಬಾಡಿ ರಿಪೇರಿಗೆ ಒಂದು, ಆಟೋ ಬಾಡಿ ಪೇಂಟಿಂಗಿಗೆ ಒಂದು ಬೇರೆ ಬೇರೆ ವೃತ್ತಿಗಳಿವೆ. ಬಿಡದಿಯಲ್ಲಿ ಟೊಯೋಟಾ 2007ರಲ್ಲಿ ತೆರೆದ ತರಬೇತಿ ಸಂಸ್ಥೆ ಹಳ್ಳಿಗಾಡಿನ ಬಡ ಹುಡುಗರನ್ನು ಎಸ್ಸೆಸ್ಸೆಲ್ಸಿ ಆದಮೇಲೆ ಸೇರಿಸಿಕೊಂಡು ಮೂರು ವರ್ಷ ಅಲ್ಲೇ ಇರಿಸಿ ಕಲಿಸುತ್ತದೆ. ಪೇಂಟು, ವೆಲ್ಡಿಂಗೂ ಅಲ್ಲಿನ ಪಾಠಗಳೇ. ಕಾರ್ಖಾನೆಯಲ್ಲಿ ಹೊಸ ಬಾಡಿಗೆ ಬಣ್ಣ ಕೊಡುವುದೇ ಬೇರೆ, ಹಳೆಯದರ ಪಕ್ಕಕ್ಕೆ ಹೊಸದನ್ನು ಕೂಡಿಸುವುದೇ ಬೇರೆ ಎಂಬ ತಕರಾರು ಇದ್ದೇ ಇದೆ. ಆದರೂ ಉಸ್ತಾದನ ಅಂಗೈಗೆ ಸಿಗದ ಎರಡು ಸಂಗತಿಗಳು ಇಂಥ ಕಡೆ ಕಲಿಯಲು ಸಿಗುತ್ತವೆ.

ಒಂದು, ಉಕ್ಕು. 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ, 2019ರಿಂದ ಎಲ್ಲ ಹೊಸ ಕಾರುಗಳಿಗೆ ಮುಂಭಾಗ ಮತ್ತು ಪಕ್ಕದ ಡಿಕ್ಕಿ ಪರೀಕ್ಷೆ ಕಡ್ಡಾಯ. ಅದನ್ನು ತಾಳಲು ಪಿಲ್ಲರಿನಲ್ಲಿ, ಡೋರಿನೊಳಗಿನ ಅಡ್ಡಪಟ್ಟಿಯಲ್ಲಿ ವಿಶೇಷವಾಗಿ ಗಟ್ಟಿ ಮಾಡಿದ ಉಕ್ಕು ಬಳಸುತ್ತಾರೆ. ಗ್ಯಾಸ್ ವೆಲ್ಡಿಂಗಿನ ಜ್ವಾಲೆಗೆ ಕಾಯಿಸಿ ನೆಟ್ಟಗೆ ಮಾಡಿದರೆ ಆ ಗಟ್ಟಿತನ ಹೋಗಿಬಿಡುತ್ತದೆ. ನೋಡಲು, ಸವರಲು ಏನೂ ವ್ಯತ್ಯಾಸವಿಲ್ಲ. ಅಂಬಾಸಿಡರ್ ಕಾಲದಲ್ಲಿ ಒಳ್ಳೆಯ ಕೆಲಸವೆನಿಸಿದ್ದು ಇಲ್ಲಿ, ಮುಂದಿನ ಡಿಕ್ಕಿಯಲ್ಲಿ, ಒಳಗೆ ಕೂತವರ ಪಕ್ಕೆಲುಬಿಗೆ ಬರುತ್ತದೆ.

ಇನ್ನೊಂದು, ಗಾಳಿ. ಡ್ಯೂಕೋ ಬರಿದೆ ತಿನ್ನರ್ ಆರಿ ಒಣಗುತ್ತಿತ್ತು. ಈಗಿನ ಟೂ-ಕೆ ಬಣ್ಣ ಹಾರ್ಡನರ್ ಜೊತೆ ಸೇರಿ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಹೊಳಪೂ ಹೆಚ್ಚು, ಬಾಳಿಕೆಯೂ ಹೆಚ್ಚು. ಹಾರ್ಡನರ್‌ನಲ್ಲಿರುವ ಐಸೋಸೈನೇಟ್ ಆಸ್ತಮಾ ತರುತ್ತದೆ. ಒಮ್ಮೆ ದೇಹಕ್ಕೆ ಅದು ಒಗ್ಗದಂತಾದರೆ ಆಮೇಲೆ ಚಿಟಿಕೆಯಷ್ಟು ಸಾಕು, ಉಸಿರು ಕಟ್ಟುತ್ತದೆ, ವೃತ್ತಿಯನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಅದರ ವಾಸನೆ ತಿಳಿಯುವಷ್ಟರಲ್ಲಿ ಅಪಾಯದ ಮಟ್ಟ ದಾಟಿರುತ್ತದೆ. ಬೇಕಾದದ್ದು ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತಂದುಕೊಡುವ ಮುಖವಾಡ. ಶೆಡ್ಡಿನಲ್ಲಿ ಇರುವುದು ಕರವಸ್ತ್ರ, ಅದನ್ನು ಒದ್ದೆ ಮಾಡಿ ಕಟ್ಟಿಕೊಂಡರೆ ಸಾಕೆಂಬ ನಂಬಿಕೆ. ಡಬ್ಬದ ಮೇಲೆ ಎಚ್ಚರಿಕೆಯಂತೂ ಇದೆ, ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ. ಬಣ್ಣ ಬೆರೆಸುವ ಪ್ರಮಾಣದ ಅಂಕಿ ಮಾತ್ರ ಅದರ ಪಕ್ಕದಲ್ಲೇ, ದೊಡ್ಡದಾಗಿ.