ಒಂದು ಶಬ್ದದಿಂದ ಉಳಿದ ಊರು

ಭೂಪಟದಲ್ಲಿ ಸ್ಪೆಯಿನ್ ಮತ್ತು ಫ್ರಾನ್ಸ್ ದೇಶಗಳ ನಡುವೆ ಪಿರಿನೀಸ್ ಪರ್ವತಶ್ರೇಣಿಯು ಗೋಡೆಯಂತೆ ನಿಂತಿರುವುದನ್ನು ತಾವೆಲ್ಲರೂ ನೋಡಿರಬಹುದು. ಪ್ರಕೃತಿಯೇ ಎಳೆದ ಗಡಿ ಇದೆಂದು ಪಾಠಪುಸ್ತಕಗಳು ಹೇಳುವುದುಂಟು. ಆದರೆ ಆ ಶ್ರೇಣಿಯ ಪೂರ್ವಭಾಗದಲ್ಲಿ, ಫ್ರೆಂಚ್ ನೆಲದ ಮಧ್ಯೆ, ನಡುಗಡ್ಡೆಯಂತೆ ಸ್ಪೆಯಿನಿನ ಒಂದು ಸಣ್ಣ ಊರಿದೆ. ಅದರ ಹೆಸರು ಲೀವಿಯಾ. ವಿಸ್ತೀರ್ಣ ಸುಮಾರು 5 ಚದರ ಮೈಲಿ; ಜನಸಂಖ್ಯೆ ಸುಮಾರು ಒಂದೂವರೆ ಸಾವಿರ. ಇದು ಹೇಗಾಯಿತೆಂಬುದೇ ಈ ಹೊತ್ತಿನ ವಿಷಯ.

ಮೊದಲು ಸ್ಥಳದ ಸ್ವರೂಪವನ್ನು ಗಮನಿಸೋಣ. ಲೀವಿಯಾ ಇರುವುದು ಸೆರ್ದಾನ್ಯವೆಂಬ ವಿಶಾಲವಾದ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,000 ಅಡಿ ಎತ್ತರದಲ್ಲಿ. ಸುತ್ತಲೂ ಬೆಟ್ಟಗಳು, ನಡುವೆ ಹೊಲಗಳು, ಹುಲ್ಲುಗಾವಲುಗಳು. ಸೆಗ್ರೆ ನದಿಯು ಈಗಿನ ಫ್ರೆಂಚ್ ಸೀಮೆಯಲ್ಲಿ ಹುಟ್ಟಿ, ಲೀವಿಯಾವನ್ನು ಹಾದು, ಸ್ಪೆಯಿನಿನೊಳಕ್ಕೆ ಹರಿದು, ಎಬ್ರೋ ನದಿಯ ಜಲರಾಶಿಯನ್ನು ಸೇರುತ್ತದೆ. ನೀರು ಹರಿಯುವ ದಿಕ್ಕೇ ಗಡಿಯನ್ನು ನಿರ್ಣಯಿಸುವುದಾಗಿದ್ದರೆ ಈ ಕಣಿವೆಯೆಲ್ಲವೂ ಒಂದೇ ದೇಶಕ್ಕೆ ಸೇರಬೇಕಾಗಿತ್ತು.

ಊರು ಬಹು ಪುರಾತನವಾದುದು. ರೋಮನರ ಕಾಲದಲ್ಲಿ ಇದಕ್ಕೆ ಯೂಲಿಯಾ ಲಿಬಿಕಾ ಎಂಬ ಹೆಸರಿದ್ದಿತು. ಮಧ್ಯಯುಗದಲ್ಲಿ ಊರ ಮೇಲಣ ಗುಡ್ಡದಲ್ಲಿ ಕೋಟೆಯಿದ್ದಿತು. 1479ರಲ್ಲಿ ಫ್ರಾನ್ಸಿನ ಹನ್ನೊಂದನೆಯ ಲೂಯಿ ಅದನ್ನು ಕೆಡವಿಸಿದನು.

1659ನೆಯ ನವೆಂಬರ್ 7ರಂದು, ಬಿದಸೋವಾ ನದಿಯ ಒಂದು ನಡುಗಡ್ಡೆಯಲ್ಲಿ, ಫ್ರಾನ್ಸಿನ ಮಂತ್ರಿ ಮಾಜರಿನ್, ಸ್ಪೆಯಿನಿನ ಮಂತ್ರಿ ಲೂಯಿಸ್ ದೆ ಆರೋ ಇವರಿಬ್ಬರೂ ಪಿರಿನೀಸ್ ಕೌಲಿಗೆ ರುಜು ಹಾಕಿದರು. ದೀರ್ಘ ಯುದ್ಧವು ಮುಗಿಯಿತು. ಗಾಲ್ ಮತ್ತು ಹಿಸ್ಪಾನಿಯಗಳನ್ನು ಪೂರ್ವದಿಂದ ಬೇರ್ಪಡಿಸಿದ್ದ ಪರ್ವತಗಳೇ ಇನ್ನು ಮೇರೆಯೆಂದು ಕೌಲು ಸಾರಿತು. ಆದರೆ ಪರ್ವತಗಳ ನಡುವಣ ಕಣಿವೆಯನ್ನು ಪಾಲುಮಾಡುವ ಬಗೆ ಅದರಿಂದ ತಿಳಿಯಲಿಲ್ಲ. ವಿವಾದವು ಮರುವರ್ಷಕ್ಕೆ ಮುಂದುವರಿದು, ಸೆರ್ದಾನ್ಯದ 33 ಗ್ರಾಮಗಳನ್ನು ಫ್ರಾನ್ಸಿಗೆ ಬಿಡುವುದೆಂದು ನಿಶ್ಚಯವಾಯಿತು. ಆಗ ಸ್ಪೆಯಿನಿನ ಪ್ರತಿನಿಧಿಗಳು ಒಂದು ಮಾತೆತ್ತಿದರು: ಬಿಟ್ಟುಕೊಟ್ಟದ್ದು ಗ್ರಾಮಗಳನ್ನು, ಲೀವಿಯಾ ಗ್ರಾಮವಲ್ಲ, ಪಟ್ಟಣ! ಚಕ್ರವರ್ತಿ ಐದನೆಯ ಚಾರಲ್ಸನ ಕಾಲದಿಂದಲೂ ಅದಕ್ಕೆ ಆ ಪದವಿಯಿದ್ದಿತು. ವಾದವು ಗೆದ್ದಿತು. 1660ನೆಯ ನವೆಂಬರ್ 12ರಂದು ಅದೇ ಊರಿನಲ್ಲಿಯೇ ಒಪ್ಪಂದವಾಯಿತು. ಆದರೆ ಇದಕ್ಕೂ ಬೆಲೆಯಿದ್ದಿತು: ಊರಿಗೆ ಮತ್ತೆಂದೂ ಕೋಟೆ ಕಟ್ಟಿಸಕೂಡದು.

ಪಟ್ಟಣವೆಂಬ ಹೆಸರು ಊರನ್ನು ಉಳಿಸಿತು, ನಿಜ. ಆದರೆ ಆ 33 ಗ್ರಾಮಗಳ ಜನರನ್ನು ಕೇಳಿದವರಾರು? ಒಂದೇ ಭಾಷೆಯನ್ನಾಡಿ, ಒಂದೇ ಸಂತೆಗೆ ಹೋಗುತ್ತಿದ್ದ ನೆರೆಹೊರೆಯವರು ಇಬ್ಬರು ಅರಸರ ಪ್ರಜೆಗಳಾದರು. ಇಲ್ಲಿನ ಮೇರೆಯು ಸ್ಪಷ್ಟವಾಗಿ ಗೊತ್ತಾಗಿ ಗಡಿಕಲ್ಲುಗಳು ನೆಟ್ಟುದು 1866ರ ಬೇಯೋನ್ ಕೌಲಿನ ತರುವಾಯ, ಎಂದರೆ ಎರಡು ಶತಮಾನಗಳು ಕಳೆದಮೇಲೆ.

ಲೀವಿಯಾದಿಂದ ನೆರೆಯ ಸ್ಪ್ಯಾನಿಷ್ ಪಟ್ಟಣವಾದ ಪುಚ್‌ಸೆರ್ದಾಕ್ಕೆ ಹೋಗುವ ದಾರಿ ಫ್ರೆಂಚ್ ನೆಲವನ್ನು ದಾಟಬೇಕು. ಅದನ್ನು ಉಭಯರಿಗೂ ಮುಕ್ತವಾದ ದಾರಿಯೆಂದು ಒಪ್ಪಿದ್ದರು. 1970ರ ದಶಕದಲ್ಲಿ ಫ್ರೆಂಚರು ಅಡ್ಡರಸ್ತೆಯ ಬಳಿ ‘ನಿಲ್ಲಿ’ ಎಂಬ ಫಲಕವನ್ನು ನೆಟ್ಟಾಗ, ಅದನ್ನು ತಮ್ಮ ಹಕ್ಕಿಗೆ ಬಂದ ಕುಂದೆಂದು ಬಗೆದು ಲೀವಿಯಾದವರು ಕಿತ್ತೆಸೆದರು. ಹೊರಗಿನವರಿಗೆ ನಗೆ ಬರಬಹುದು. ಕೋಟೆಯಿಲ್ಲದ ಆ ಊರಿಗೆ ಒಪ್ಪಂದದ ಮಾತೊಂದೇ ರಕ್ಷೆಯಾಗಿದ್ದಿತು. ಅದರಲ್ಲಿ ಒಂದಕ್ಷರ ಸಡಿಲವಾದರೂ ಅವರು ಸಹಿಸುವಂತಿರಲಿಲ್ಲ. 1995ರಲ್ಲಿ ಎರಡು ದೇಶಗಳ ನಡುವಣ ನಿತ್ಯದ ಗಡಿ ತನಿಖೆಗಳನ್ನು ತೆಗೆದುದರಿಂದ ಸಂಚಾರವು ಸುಗಮವಾಯಿತು. ಗಡಿಕಲ್ಲುಗಳು ಮಾತ್ರ ಹೊಲಗಳ ಅಂಚಿನಲ್ಲಿ ಇನ್ನೂ ನಿಂತಿವೆ.